ದನದ ಹಿಂಡಿನ ಮಾಡೆಲ್: ತೂಕ ವಿಪರೀತ ತೋರಿಸುತ್ತೆ, ಹಿಂಡು ನಿಲ್ಲದೆ ಬೆಳೆಯುತ್ತೆ. ತಪ್ಪೆಲ್ಲಿದೆ?

ಮಂದೆಕೋಡ್:

ಎಲ್ಲರಿಗೂ ನಮಸ್ಕಾರ. ಆಸ್ಟ್ರೇಲಿಯದ ಉತ್ತರ ಕ್ವೀನ್ಸ್‌ಲ್ಯಾಂಡಿನ ಚಾರ್ಟರ್ಸ್ ಟವರ್ಸ್ ಕಡೆಯ ಮಾಂಸದ ದನಗಳ ಹಿಂಡೊಂದಕ್ಕೆ ಪೈಥಾನ್‌ನಲ್ಲಿ ಮಾಡೆಲ್ ಬರೆಯುತ್ತಿದ್ದೇನೆ. ಸುಮಾರು 2,000 ಬ್ರಾಹ್ಮನ್ ಹಸು. ಪೂರ್ತಿ ಬಯಲು ಮೇವು, ಮಳೆಯಿಲ್ಲದ ತಿಂಗಳುಗಳಲ್ಲಿ ನೆಕ್ಕಲು ಯೂರಿಯಾ ಬ್ಲಾಕ್ ಅಷ್ಟೇ. ಕಡಸುಗಳಿಗೆ 2 ವರ್ಷಕ್ಕೆ ಹೋರಿ ಬಿಡುತ್ತಾರೆ, 10 ವರ್ಷ ದಾಟಿದ ಹಸುಗಳನ್ನು ಮಾರುತ್ತಾರೆ.

ತೂಕದ ಭಾಗಕ್ಕೆ ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ (ಎನ್‌ಆರ್‌ಸಿ) ಮಾಂಸದ ದನಗಳ ಪೋಷಣೆಗೆಂದು 1996ರಲ್ಲಿ ಹೊರತಂದ ಪುಸ್ತಕದ ಸಮೀಕರಣಗಳನ್ನು ಹಾಕಿದ್ದೇನೆ, ದಿನಕ್ಕೊಂದು ಹೆಜ್ಜೆ. ಹಿಂಡಿನ ಭಾಗ ವಯಸ್ಸಿನ ವರ್ಗಗಳ ಪಟ್ಟಿ: ನೂರು ಹಸುವಿಗೆ ಹಾಲು ಬಿಡಿಸುವ ಹಂತ ತಲುಪುವ ಕರು 65, ಅರ್ಧ ಹೆಣ್ಣು, ಕಡಸಿನ ಸಾವು ವರ್ಷಕ್ಕೆ ಶೇ 3, ಹಸುವಿನ ಸಾವು ಶೇ 5. ನಾಲ್ಕು ಕಡೆ ಸಿಕ್ಕಿಕೊಂಡಿದ್ದೇನೆ.

1. ಬೀಜ ಒಡೆದ ಹೋರಿಗಳು, ಅಂದರೆ ಸ್ಟಿಯರ್‌ಗಳು, ಏಪ್ರಿಲ್‌ನಲ್ಲಿ ತಕ್ಕಡಿಯ ಮೇಲೆ 312 ಕೆಜಿ. ಹೊಟ್ಟೆಯ ಭಾರಕ್ಕೆ 0.96 ಗುಣಿಸಿ 300 ಅಂತ ತೆಗೆದುಕೊಂಡೆ. ಮೇವಿನ ಎಂಇ (ದನದ ಮೈಗೆ ದಕ್ಕುವ ಶಕ್ತಿ) ಒಂದು ಕೆಜಿ ಒಣ ಪದಾರ್ಥಕ್ಕೆ 2.0 ಮೆಗಾಕ್ಯಾಲೊರಿ. 150 ದಿನಕ್ಕೆ ಮಾಡೆಲ್ 90 ಕೆಜಿ ಏರಿಸುತ್ತದೆ. ತಕ್ಕಡಿ ಹೇಳುವುದು 25ರ ಆಸುಪಾಸು.

2. ಅಕ್ಟೋಬರ್ ಹೊತ್ತಿಗೆ ಕೆಲವು ಗುಂಪುಗಳ ತೂಕ ‘ನ್ಯಾನ್’ (ಸಂಖ್ಯೆಯೇ ಅಲ್ಲ ಎಂಬ ಗುರುತು) ಆಗಿ, ಅಲ್ಲಿಂದಾಚೆಗೆ ಇಡೀ ಕಾಲಂ ಹಾಳು.

3. ಹಿಂಡು ವರ್ಷಕ್ಕೆ ಸುಮಾರು ಶೇ 13ರಂತೆ ಬೆಳೆಯುತ್ತದೆ. ಹತ್ತು ವರ್ಷಕ್ಕೆ ಮೂರು ಪಟ್ಟು ದಾಟುತ್ತದೆ.

4. ಕರುಗಳ ಪ್ರಮಾಣ ಮಾಡೆಲ್‌ನಲ್ಲಿ ಗೆರೆ ಎಳೆದಂತೆ ಸಪಾಟು. ರಿಜಿಸ್ಟರ್‌ನಲ್ಲಿ ಒಂದು ವರ್ಷ ನೆಲಕಚ್ಚಿದರೆ ಮರುವರ್ಷ ಸರಾಸರಿಗಿಂತ ಮೇಲೆ ಹಾರುತ್ತದೆ.

ಸಮೀಕರಣಗಳನ್ನು ಪುಸ್ತಕದೊಂದಿಗೆ ತಾಳೆ ನೋಡಿದ್ದೇನೆ, ಟೈಪ್ ತಪ್ಪಿಲ್ಲ. ಬೆಳವಣಿಗೆಯ ಗುಣಾಂಕವನ್ನೇ ಇಳಿಸಿ ತಕ್ಕಡಿಗೆ ಹೊಂದಿಸಿಬಿಡಲೇ?

---

ಮೇವುಲೆಕ್ಕ:

ಗುಣಾಂಕ ಮುಟ್ಟಬೇಡಿ. ಬೆಳವಣಿಗೆಯ ಸಮೀಕರಣ ಸರಿಯಾಗಿಯೇ ಇದೆ. ನಿಮ್ಮ ದನ ಮಾಡೆಲ್‌ನಲ್ಲಿ ತಿನ್ನುತ್ತಿರುವಷ್ಟು ಮೇವನ್ನು ಬಯಲಿನಲ್ಲಿ ತಿನ್ನುತ್ತಿಲ್ಲ, ವಿಷಯ ಇಷ್ಟೇ. ನಿಮ್ಮ ಅಂಕಿಗಳನ್ನೇ ಇಟ್ಟು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

300ರ 0.75ನೇ ಘಾತ 72.1. ಅದಕ್ಕೆ 0.077 ಗುಣಿಸಿದರೆ ಮೈ ಕಾಯ್ದುಕೊಳ್ಳಲು ದಿನಕ್ಕೆ 5.55 ಮೆಗಾಕ್ಯಾಲೊರಿ. ಬ್ರಾಹ್ಮನ್‌ನಂಥ ಬಾಸ್ ಇಂಡಿಕಸ್ (ಡುಬ್ಬದ ದನ) ತಳಿಗಳಿಗೆ ಶೇ 10 ಕಡಿಮೆ, ಹಾಗಾಗಿ 5.0. (ಅಮೆರಿಕದಲ್ಲಿ ಬ್ರಾಹ್ಮನ್ ತಳಿ ಕಟ್ಟುವಾಗ ಗೀರ್, ಗುಜರಾತ್, ನೆಲ್ಲೂರುಗಳ ಜೊತೆ ನಮ್ಮ ಕೃಷ್ಣಾ ಕಣಿವೆ ದನವೂ ಸೇರಿತ್ತು. ಆ ಶೇ 10ರಲ್ಲಿ ನಮ್ಮ ಕಡೆಯ ಪಾಲೂ ಇದೆ ಅನ್ನಿ.) ಎಂಇ 2.0 ಇರುವ ಮೇವಿನಲ್ಲಿ ಮೈ ಕಾಯುವ ನಿವ್ವಳ ಶಕ್ತಿ ಕೆಜಿಗೆ 1.15, ಬೆಳವಣಿಗೆಯ ನಿವ್ವಳ ಶಕ್ತಿ ಕೆಜಿಗೆ 0.59.

ಈಗ ಮೇವಿನ ಪ್ರಮಾಣ. ಎನ್‌ಆರ್‌ಸಿಯ ಒಂದು ವರ್ಷ ದಾಟಿದ ದನಗಳ ಸಮೀಕರಣ ನಿಮಗೆ 8.25 ಕೆಜಿ ಕೊಟ್ಟಿರಬೇಕು, ಮೈತೂಕದ ಶೇ 2.75. ಅದರಲ್ಲಿ 4.3 ಕೆಜಿ ಮೈ ಕಾಯಲು ಹೋಗಿ, ಉಳಿದ 3.9 ಕೆಜಿಯಿಂದ 2.3 ಮೆಗಾಕ್ಯಾಲೊರಿ ಮೈಗೆ ಸೇರಿ, ದಿನಕ್ಕೆ 0.6 ಕೆಜಿ ಗಳಿಕೆ. 150 ದಿನಕ್ಕೆ 90 ಕೆಜಿ. ನಿಮ್ಮ ಅಂಕಿ ಬಂತಲ್ಲ.

ಅದೇ ದನ ದಿನಕ್ಕೆ 6 ಕೆಜಿ ತಿಂದರೆ ಗಳಿಕೆ 0.28ಕ್ಕೆ ಇಳಿಯುತ್ತದೆ. ಮೇಯಲು, ನೀರಿನ ತೊಟ್ಟಿಗೆ ಹೋಗಿ ಬರಲು ನಡೆಯುವುದಕ್ಕೆ ಮೈ ಕಾಯುವ ಶಕ್ತಿಯ ಮೇಲೆ ಇನ್ನು ಶೇ 15 ಸೇರಿಸಿ: 0.18. 150 ದಿನಕ್ಕೆ 26 ಕೆಜಿ. ಬೆಳವಣಿಗೆಯ ಸಮೀಕರಣವನ್ನು ಮುಟ್ಟದೆಯೇ ತಕ್ಕಡಿಯ ಹತ್ತಿರ ಬಂದಾಯಿತು.

ಎನ್‌ಆರ್‌ಸಿಯ ಆ ಸಮೀಕರಣ ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸಿದ ದನಗಳ ದತ್ತಾಂಶದಿಂದ ಹುಟ್ಟಿದ್ದು. 0.077 ಅನ್ನುವ ಅಂಕಿಯೂ ಅಷ್ಟೇ: ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಲಾಫ್‌ಗ್ರೀನ್ ಮತ್ತು ಗ್ಯಾರೆಟ್ 1968ರಲ್ಲಿ ಪ್ರಕಟಿಸಿದ ನಿವ್ವಳ ಶಕ್ತಿ ಪದ್ಧತಿಯದು. ನಡೆದಾಟ ಅದರಲ್ಲಿಲ್ಲ. ಉತ್ತರ ಆಸ್ಟ್ರೇಲಿಯದ ಒಣಗಿದ ಹುಲ್ಲಿಗೆ ಅದನ್ನು ನೇರ ಹಾಕಿದರೆ ಬಾಯಿಗೆ ಹೋಗದ ಮೇವನ್ನೂ ಕಾಗದದ ಮೇಲೆ ತಿನ್ನಿಸಿದಂತೆ ಆಗುತ್ತದೆ.

ಬದಲಿಗೆ ಮಿನ್ಸನ್ ಮತ್ತು ಮೆಕ್‌ಡೊನಾಲ್ಡ್ ಅವರ 1987ರ ಸಮೀಕರಣ ನೋಡಿ. ಅದು ತೂಕ ಮತ್ತು ಗಳಿಕೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತದೆ:

ಮೇವು = (1.185 + 0.00454 × ತೂಕ − 0.0000026 × ತೂಕದ ವರ್ಗ + 0.315 × ದಿನದ ಗಳಿಕೆ), ಇಡೀ ಕಂಸದ ವರ್ಗ

ತೂಕ 300, ಗಳಿಕೆ 0.18 ಹಾಕಿದರೆ 5.6 ಕೆಜಿ. ನಿಮ್ಮ ಹಳೆಯ ತಕ್ಕಡಿ ದಾಖಲೆಗಳನ್ನೆಲ್ಲ ಇದರಲ್ಲಿ ಹಾಕಿ, ತಿಂಗಳುವಾರು ಮೇವಿನ ಪ್ರಮಾಣವನ್ನು ಮೈತೂಕದ ಶೇಕಡಾವಾರಾಗಿ ತೆಗೆಯಿರಿ. ಆಸ್ಟ್ರೇಲಿಯದವರದ್ದೇ ಕ್ವಿಕ್‌ಇಂಟೇಕ್ ಎಂಬ ಸ್ಪ್ರೆಡ್‌ಶೀಟ್ ಕೂಡ ಗಳಿಕೆಯಿಂದ ಮೇವಿಗೆ ಹಿಂದಕ್ಕೆ ಹೋಗುತ್ತದೆ. ಎರಡನ್ನೂ ಓಡಿಸಿ, ತಾಳೆ ನೋಡಿ.

ಒಣ ತಿಂಗಳುಗಳಲ್ಲಿ ಇನ್ನೊಂದು ಕಡಿವಾಣ ಪ್ರೋಟೀನ್‌ನದು. ಹುಲ್ಲಿನ ಕಚ್ಚಾ ಪ್ರೋಟೀನ್ ಸುಮಾರು ಶೇ 7ಕ್ಕಿಂತ ಕೆಳಗಿಳಿದರೆ ರೂಮೆನ್‌ನ (ದನದ ಮೊದಲ ಹೊಟ್ಟೆಯ) ಸೂಕ್ಷ್ಮಜೀವಿಗಳಿಗೆ ಸಾರಜನಕ ಸಾಲದು. ನಾರು ನಿಧಾನವಾಗಿ ಕರಗುತ್ತದೆ, ಹೊಟ್ಟೆ ಖಾಲಿಯಾಗುವುದಿಲ್ಲ, ಮುಂದೆ ಹುಲ್ಲಿದ್ದರೂ ದನ ಬಾಯಿ ಹಾಕುವುದಿಲ್ಲ. ಬರೀ ಶಕ್ತಿಯ ಲೆಕ್ಕಕ್ಕೆ ಇದು ಕಾಣುವುದೇ ಇಲ್ಲ. ಸಗಣಿಯ ಎನ್‌ಐಆರ್‌ಎಸ್ (ಅವಗೆಂಪು ಬೆಳಕಿನ) ಪರೀಕ್ಷೆ ಮಾಡಿಸಿದ್ದರೆ ಜೀರ್ಣವಾಗುವ ಪಾಲು ಮತ್ತು ಪ್ರೋಟೀನ್ ಎರಡೂ ಶೇಕಡಾದಲ್ಲಿ ಸಿಗುತ್ತವೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಉತ್ತರ 8ರಿಂದ 10 ದಾಟಿದ ತಿಂಗಳುಗಳಲ್ಲಿ ಯೂರಿಯಾ ಕೊಟ್ಟರೆ ಮೇವು ತಿನ್ನುವುದು ಹೆಚ್ಚುತ್ತದೆ. ಅದಕ್ಕಿಂತ ಕೆಳಗಿದ್ದಾಗ ಬ್ಲಾಕ್ ನೆಕ್ಕಿಸಿ ದೊಡ್ಡ ಲಾಭವಿಲ್ಲ. ಹಾಗಾಗಿ ಯೂರಿಯಾದ ಪರಿಣಾಮವನ್ನು ಗಳಿಕೆಗೆ ನೇರವಾಗಿ ಕೂಡಿಸಬೇಡಿ, ಮೇವಿನ ಪ್ರಮಾಣಕ್ಕೆ ಕೂಡಿಸಿ.

ರಂಜಕದ ಕಥೆ ಇದಕ್ಕೆ ತದ್ವಿರುದ್ಧ. ಕೊಲ್ವೆಲ್ ಪರೀಕ್ಷೆಯಲ್ಲಿ ಮಣ್ಣಿನ ರಂಜಕ ಕೆಜಿಗೆ 5 ಮಿಲಿಗ್ರಾಂಗಿಂತ ಕಡಿಮೆಯಿರುವ ಜಮೀನಾದರೆ, ರಂಜಕ ಕೊಟ್ಟಿದ್ದರ ಫಲ ಕಾಣುವುದು ಮಳೆಗಾಲದಲ್ಲಿ, ಹಸಿರು ಮೇವು ಇದ್ದಾಗ. ಅದನ್ನು ಒಣ ತಿಂಗಳಿಗೆ ಜೋಡಿಸಿದ ಮಾಡೆಲ್‌ಗಳು ಎಷ್ಟೋ ಇವೆ.

ಇನ್ನು ಆ ‘ನ್ಯಾನ್’. ಗಳಿಕೆಯ ಸಮೀಕರಣ ಮೈಗೆ ಸೇರಿದ ಶಕ್ತಿಯ 0.9116ನೇ ಘಾತ ತೆಗೆಯುತ್ತದೆ. ಮೇವು ಮೈ ಕಾಯಲೂ ಸಾಲದ ದಿನ ಆ ಶಕ್ತಿ ಋಣ ಸಂಖ್ಯೆ. ಋಣ ಸಂಖ್ಯೆಗೆ ಭಿನ್ನರಾಶಿ ಘಾತ ಹಾಕಿದರೆ ಪೈಥಾನ್‌ನ ಗಣಿತ ಲೈಬ್ರರಿ ನಂಪೈ ‘ನ್ಯಾನ್’ ಕೊಡುತ್ತದೆ. ಬರೀ ಪೈಥಾನ್ ಆದರೆ ಇನ್ನೂ ಕೆಟ್ಟದ್ದು, ಸದ್ದಿಲ್ಲದೆ ಸಂಕೀರ್ಣ ಸಂಖ್ಯೆ ಕೊಡುತ್ತದೆ. ಕೊರತೆಯ ದಿನಗಳಿಗೆ ಬೇರೆ ದಾರಿ ಬರೆಯಿರಿ. ಹಸುಗಳಿಗೆ ಎನ್‌ಆರ್‌ಸಿ ಲೆಕ್ಕದಲ್ಲಿ ಒಂದು ಕೆಜಿ ಮೈತೂಕದಲ್ಲಿ ಸುಮಾರು 5.8 ಮೆಗಾಕ್ಯಾಲೊರಿ, ಕರಗಿಸಿ ಬಳಸುವಾಗ ದಕ್ಷತೆ ಶೇ 80; ಅಂದರೆ ಒಂದು ಕೆಜಿ ಕರಗಿದರೆ ಕೈಗೆ ಸಿಗುವುದು 4.65. ಅಕ್ಟೋಬರ್‌ನಲ್ಲಿ ಎಂಇ 1.7ಕ್ಕೆ ಇಳಿದು ದನ 4 ಕೆಜಿಯಷ್ಟೇ ತಿಂದರೆ ಸಿಗುವುದು 3.45, ನಡೆದಾಟ ಸೇರಿ ಬೇಕಾದ್ದು 5.75, ಕೊರತೆ 2.3. ದಿನಕ್ಕೆ ಅರ್ಧ ಕೆಜಿ ಇಳಿಕೆ. ಎಳೆಯ ಸ್ಟಿಯರ್‌ನ ಮೈಯಲ್ಲಿ ಕೊಬ್ಬು ಕಡಿಮೆ, ಹಾಗಾಗಿ ಅದೇ ಕೊರತೆಗೆ ತೂಕ ಇನ್ನೂ ಸ್ವಲ್ಪ ಜಾಸ್ತಿ ಇಳಿಯುತ್ತದೆ.

ಕೊನೆಗೆ ಒಂದು ಪರೀಕ್ಷೆ ನೀವೇ ಮಾಡಿ ನೋಡಿ. 6 ಕೆಜಿಯ ಉದಾಹರಣೆಯಲ್ಲಿ ಮೇವನ್ನು ಶೇ 10 ಏರಿಸಿ: ಗಳಿಕೆ 0.18ರಿಂದ 0.27. ಮೈ ಕಾಯುವ ಶಕ್ತಿಯನ್ನು ಶೇ 10 ಏರಿಸಿ: 0.09. ಬೆಳವಣಿಗೆಯ ಸಮೀಕರಣಕ್ಕೆ ಹೋಗುವ ಸಮಾನ ತೂಕವನ್ನು (ಬೆಳೆದ ದನದ ಗಾತ್ರಕ್ಕೆ ಹೊಂದಿಸಿದ ತೂಕ) ಶೇ 10 ಏರಿಸಿ: ಬರೀ ಶೇ 6 ಇಳಿಕೆ. ನಿಮ್ಮ ಸಮಯ ಎಲ್ಲಿಗೆ ಹೋಗಬೇಕು ಎಂಬುದು ಇದರಲ್ಲೇ ಇದೆ.

---

ಕಡಸುಗಣಿತ:

3 ಮತ್ತು 4ಕ್ಕೆ ನಾನು.

ಹಿಂಡು ಬೆಳೆಯುತ್ತಿರುವುದು ಬಗ್ ಅಲ್ಲ, ನೀವು ಕೊಟ್ಟ ಅಂಕಿಗಳಿಗೆ ಅದೇ ಸರಿಯಾದ ಉತ್ತರ. ನೂರು ಹಸುವಿಗೆ 32.5 ಹೆಂಗರು. ಎರಡು ವರ್ಷ ಶೇ 3ರಂತೆ ಸಾವು ಕಳೆದರೆ ಹೋರಿ ಬಿಡುವ ವಯಸ್ಸಿಗೆ 30.6 ಕಡಸು. ಸಾವು ಶೇ 5 ಮಾತ್ರ, 10 ದಾಟಿದ ಮೇಲೆ ಮಾರಾಟ ಅಂದರೆ ಒಂದು ಕಡಸು ಹಿಂಡಿಗೆ ಸೇರಿದ ಮೇಲೆ ಸರಾಸರಿ 7 ಸಲ ಕರುವಿನ ಲೆಕ್ಕಕ್ಕೆ ಬರುತ್ತದೆ. ಹಾಗಾದರೆ ನೂರು ಹಸುವನ್ನು ನೂರರಲ್ಲೇ ನಿಲ್ಲಿಸಲು ವರ್ಷಕ್ಕೆ 14 ಕಡಸು ಸಾಕು. ನೀವು ಮೂವತ್ತನ್ನೂ ಒಳಗೆ ಬಿಡುತ್ತಿದ್ದೀರಿ. ಉಳಿದ 16 ಕಡಸುಗಳನ್ನು ಮಾರುವ ಸಾಲು ಕೋಡ್‌ನಲ್ಲಿಲ್ಲ.

‘ಹಾಗಾದರೆ ಅರ್ಧ ಕಡಸು ಮಾರು’ ಅಂತ ಬರೆದು ಮುಗಿಸಬೇಡಿ. ಹಿಂಡನ್ನು ಸಮಸ್ಥಿತಿಗೆ ತರುವ ದಾರಿ ಎರಡು: ಕಡಸು ಮಾರುವುದು, ಇಲ್ಲವೇ ಗಬ್ಬ ನಿಲ್ಲದ ಹಸು ಮಾರುವುದು. ಪ್ರತಿ ವರ್ಷ ಗಬ್ಬ ಪರೀಕ್ಷೆ ಮಾಡಿ ಶೇ 15 ಹಸುಗಳನ್ನು ಖಾಲಿ ಅಂತ ಮಾರಿದರೆ ಬೇಕಾಗುವ ಕಡಸು 14ರಿಂದ 28ಕ್ಕೆ ಏರುತ್ತದೆ. ಇರುವುದೇ 30. ಅದರ ಮೇಲೆ ಕರುಗಳ ಪ್ರಮಾಣ 65ರಿಂದ 55ಕ್ಕೆ ಇಳಿದರೆ ಕಡಸು 26 ಮಾತ್ರ. ಹಿಂಡು ಕರಗಲು ಶುರು. ಈ ಎರಡು ಹಗ್ಗಗಳ ನಡುವಿನ ಜಾಗ ಎಷ್ಟು ಕಿರಿದು ಅನ್ನುವುದನ್ನು ತೋರಿಸಿಕೊಡುವುದೇ ಹಿಂಡಿನ ಮಾಡೆಲ್‌ನ ಮುಖ್ಯ ಕೆಲಸ. ಕ್ವೀನ್ಸ್‌ಲ್ಯಾಂಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಬ್ರೀಡ್‌ಕೌ ಮತ್ತು ಡೈನಮಾ ಎಂಬ ಹಿಂಡಿನ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಬ್ರೀಡ್‌ಕೌ ಮಾಡುವುದು ಈ ಸಮಸ್ಥಿತಿಯ ಲೆಕ್ಕ, ಡೈನಮಾ ಮಾಡುವುದು ವರ್ಷದಿಂದ ವರ್ಷಕ್ಕೆ ಸಾಗುವ ಲೆಕ್ಕ. ನಿಮ್ಮದನ್ನು ಮುಂದುವರಿಸುವ ಮೊದಲು ಅದೇ ಅಂಕಿಗಳನ್ನು ಬ್ರೀಡ್‌ಕೌಗೆ ಹಾಕಿ ವಯಸ್ಸಿನ ಹಂಚಿಕೆ ಹೊಂದುತ್ತದೆಯೇ ನೋಡಿ.

ಆ ಶೇ 5 ಸಾವು ಎಲ್ಲಿಂದ ಬಂತು? ಮಾಲೀಕರ ಬಾಯಿಮಾತಾದರೆ ನಂಬಬೇಡಿ. ದೊಡ್ಡ ಬಯಲಿನಲ್ಲಿ ಸತ್ತ ಹಸು ಯಾರ ಕಣ್ಣಿಗೂ ಬೀಳುವುದಿಲ್ಲ. ಮಾರಾಟದ ಪುಸ್ತಕದಿಂದ ಹೀಗೆ ಅಳೆಯಬಹುದು: ಹುಟ್ಟುವಾಗ ಗಂಡು ಹೆಣ್ಣು ಹೆಚ್ಚುಕಡಿಮೆ ಸಮ. ಹಿಂಡು ಸ್ಥಿರವಾಗಿದ್ದರೆ ಮಾರಾಟದಲ್ಲಿ ಹೆಣ್ಣು ಕಡಿಮೆಯಾಗುವುದಕ್ಕೆ ಕಾರಣ ಸಾವೊಂದೇ. ನಿಮ್ಮ ಅಂಕಿಗಳಲ್ಲಿ ಗಂಡು 30.6 ಮಾರಾಟ, ಹೆಣ್ಣು 30.6ರಲ್ಲಿ 5 ಕಳೆದು 25.6, ಒಟ್ಟು ಮಾರಾಟದಲ್ಲಿ ಹೆಣ್ಣಿನ ಪಾಲು ಶೇ 45.5. ಪುಸ್ತಕದಲ್ಲಿ ಆ ಪಾಲು ಶೇ 40 ಇದ್ದರೆ ಹೆಣ್ಣಿನ ಮಾರಾಟ 20.4, ಅಂದರೆ ವರ್ಷಕ್ಕೆ ನೂರರಲ್ಲಿ 10 ಹಸು ಸಾಯುತ್ತಿವೆ. ಒಂದೇ ವರ್ಷದ ಲೆಕ್ಕ ಬೇಡ, ಐದಾರು ವರ್ಷ ಕೂಡಿಸಿ. ಆ ಅವಧಿಯಲ್ಲಿ ಹಿಂಡು ಬೆಳೆದಿದ್ದರೆ ಅಥವಾ ಕುಗ್ಗಿದ್ದರೆ ಆ ವ್ಯತ್ಯಾಸ ಸರಿಪಡಿಸಿ.

ನಾಲ್ಕನೆಯದ್ದು. 65 ಅನ್ನುವ ಒಂದೇ ಅಂಕಿಯಲ್ಲಿ ಉತ್ತರದ ಹಿಂಡಿನ ಜೀವಾಳವೇ ಮುಚ್ಚಿಹೋಗಿದೆ. ಕರುವಿಗೆ ಹಾಲು ಕುಡಿಸುತ್ತಿರುವ ಹಸು ಮೈ ಇಳಿದಿದ್ದರೆ ಬೆದೆಗೆ ಬರುವುದಿಲ್ಲ. ಆ ವರ್ಷ ತಪ್ಪುತ್ತದೆ, ಹಾಲು ಬತ್ತಿ ಮೈ ತುಂಬಿಕೊಂಡು ಮರುವರ್ಷ ಗಬ್ಬವಾಗುತ್ತದೆ. ಉತ್ತರ ಆಸ್ಟ್ರೇಲಿಯದ ಕ್ಯಾಶ್‌ಕೌ ಯೋಜನೆಯಲ್ಲಿ ಇದನ್ನೇ ‘ಈದು ನಾಲ್ಕು ತಿಂಗಳೊಳಗೆ ಮತ್ತೆ ಗಬ್ಬ’ ಎಂಬ ಅಳತೆಯಾಗಿ ಇಟ್ಟರು. ಒಳ್ಳೆಯ ಮೇವಿನ ಸೀಮೆಗೂ ಉತ್ತರದ ಕಾಡುಸೀಮೆಗೂ ಆ ಅಳತೆಯಲ್ಲಿ ಅಜಗಜಾಂತರ.

ಹಾಗಾಗಿ ವಯಸ್ಸಿನ ಜೊತೆ ‘ಹಾಲು ಕುಡಿಸುತ್ತಿದೆ / ಬತ್ತಿದೆ’ ಅನ್ನುವ ಸ್ಥಿತಿಯನ್ನೂ ಒಯ್ಯಿರಿ. ಉದಾಹರಣೆಗೆ ಹಾಲಿರುವ ಹಸು ಗಬ್ಬ ನಿಲ್ಲುವ ಸಾಧ್ಯತೆ 0.45, ಬತ್ತಿದ್ದಕ್ಕೆ 0.85, ಗಬ್ಬದಿಂದ ಹಾಲು ಬಿಡಿಸುವ ತನಕ ನಷ್ಟ ಶೇ 10 ಅಂತಿಟ್ಟುಕೊಳ್ಳಿ. ಸಮಸ್ಥಿತಿಯಲ್ಲಿ ಗಬ್ಬ ಶೇ 62.5, ಕರು ಶೇ 56. ಈಗ ಒಂದು ಬರದ ವರ್ಷ ತನ್ನಿ, ಸಾಧ್ಯತೆಗಳು 0.15 ಮತ್ತು 0.60ಕ್ಕೆ ಇಳಿಯಲಿ. ಕರುಗಳ ಪ್ರಮಾಣ 56ರಿಂದ 31ಕ್ಕೆ ಬೀಳುತ್ತದೆ. ಮರುವರ್ಷ ಮಾಮೂಲಿ ಮಳೆ. ಹೆಚ್ಚಿನ ಹಸುಗಳು ಬತ್ತಿದವು, ಹಾಗಾಗಿ 65. ಅದರ ಮುಂದಿನ ವರ್ಷ ಬಹಳಷ್ಟು ಹಾಲಿನಲ್ಲಿವೆ: 53. ಆಮೇಲೆ 57. ನಿಮ್ಮ ರಿಜಿಸ್ಟರ್‌ನ ಕುಣಿತ ಇದೇ.

ಇಲ್ಲಿಂದ ಒಂದು ಎಚ್ಚರಿಕೆ ಹುಟ್ಟುತ್ತದೆ: ಬರದ ವರ್ಷ ಖಾಲಿ ಹಸುಗಳನ್ನೆಲ್ಲ ಮಾರುವ ನಿಯಮ ಬರೆದಿದ್ದರೆ, ಮರುವರ್ಷ ಕರು ಕೊಡಬೇಕಾದವುಗಳನ್ನೇ ಮಾರಿದಂತೆ. ಹಾಲಿಲ್ಲದೆಯೂ ಗಬ್ಬ ನಿಲ್ಲದ್ದು ಬೇರೆ, ಹಾಲಿದ್ದು ಗಬ್ಬ ನಿಲ್ಲದ್ದು ಬೇರೆ. ಮೊದಲನೆಯದನ್ನು ಕಣ್ಣುಮುಚ್ಚಿ ಮಾರಿ, ಎರಡನೆಯದಕ್ಕೆ ಬೇರೆ ನಿಯಮ ಬರೆಯಿರಿ.

---

ತಕ್ಕಡಿ:

ಒಂದು ಭಿನ್ನಾಭಿಪ್ರಾಯ. 2,000 ಹಸುಗಳ ಹಿಂಡಿನಲ್ಲಿ ಯಾವಾಗ ಎಷ್ಟು ಮಾರಬೇಕು ಎನ್ನುವುದಕ್ಕೆ ದಿನದಿನದ ಶಕ್ತಿಯ ಲೆಕ್ಕ ಯಾಕೆ? ಬ್ರೀಡ್‌ಕೌನಲ್ಲಿ ಶಕ್ತಿಯ ಸಮೀಕರಣವೇ ಇಲ್ಲ; ಯಾವ ವಯಸ್ಸಿಗೆ ಎಷ್ಟು ತೂಕ ಅನ್ನುವುದನ್ನು ಬಳಸುವವರೇ ಕೊಡುತ್ತಾರೆ. ಐದು ವರ್ಷದ ತಕ್ಕಡಿ ದಾಖಲೆ ಇದ್ದರೆ ತಿಂಗಳುವಾರು ಗಳಿಕೆಯ ಒಂದು ಪಟ್ಟಿ ಸಾಕು. ಒಳ್ಳೆಯ ಮಳೆ, ಮಾಮೂಲಿ, ಬರ ಅಂತ ಮೂರು ಸಾಲು. ಮೇವಿನ ಗುಣಮಟ್ಟ ಊಹಿಸಿ, ಅದರಿಂದ ಮೇವಿನ ಪ್ರಮಾಣ ಊಹಿಸಿ, ಅದರಿಂದ ಗಳಿಕೆ ಊಹಿಸುವುದಕ್ಕಿಂತ ಅಳೆದ ಗಳಿಕೆಯನ್ನೇ ಹಾಕುವುದು ಮೇಲು. ಮೇವುಲೆಕ್ಕ ಅವರೇ ತೋರಿಸಿದಂತೆ ಮೇವಿನ ಶೇ 10 ತಪ್ಪು ಗಳಿಕೆಯಲ್ಲಿ ಶೇ 50 ತಪ್ಪಾಗುತ್ತದೆ.

ಮತ್ತೆ ತೂಕದ ದಾಖಲೆಯಲ್ಲೂ ಹುಳುಕಿದೆ, ಅದನ್ನು ಮೊದಲು ಸ್ವಚ್ಛ ಮಾಡಿ. 0.96 ಅನ್ನುವುದು ರಾತ್ರಿ ಮೇವು ನೀರು ತಪ್ಪಿಸಿದ ದನಕ್ಕೆ ಹೊಂದುವ ಸರಾಸರಿ. ದೂರದಿಂದ ಓಡಿಸಿಕೊಂಡು ಬಂದು ಅಂಗಳದಲ್ಲಿ ಕಾಯಿಸಿದ ದನ ಅದಕ್ಕಿಂತ ಹೆಚ್ಚು ಕಳೆದುಕೊಂಡಿರುತ್ತದೆ. ಬಂದ ಕೂಡಲೇ ತೂಗಿದ್ದು, ಮರುದಿನ ತೂಗಿದ್ದು ಎರಡನ್ನೂ ಒಂದೇ ಕಾಲಂಗೆ ಹಾಕಿದ್ದರೆ 10–15 ಕೆಜಿ ವ್ಯತ್ಯಾಸ ಪುಕ್ಕಟೆ ಬರುತ್ತದೆ. ನಿಮ್ಮ 150 ದಿನದ ಗಳಿಕೆಯೇ 25 ಕೆಜಿ ಅನ್ನುವುದು ನೆನಪಿರಲಿ.

ಗಬ್ಬದ ಹಸುಗಳಲ್ಲಿ ಇನ್ನೂ ದೊಡ್ಡ ತಪ್ಪು. ಕರು, ನೀರು, ಮಾಸು ಸೇರಿ ಗರ್ಭದ ಭಾರ ಕಳೆಯದೆ ಹಸು ಮೈ ತುಂಬಿದೆ ಅನ್ನುವವರಿದ್ದಾರೆ. ಎನ್‌ಆರ್‌ಸಿಯಲ್ಲೇ ಸೂತ್ರವಿದೆ: ಹುಟ್ಟುವಾಗಿನ ಕರುವಿನ ತೂಕ × 0.01828 × ಇ ಘಾತ (0.02 × ದಿನ − 0.0000143 × ದಿನದ ವರ್ಗ). 35 ಕೆಜಿ ಕರುವಾದರೆ 280ನೇ ದಿನಕ್ಕೆ 56 ಕೆಜಿ. ಅಷ್ಟನ್ನು ಕಳೆದು ನೋಡಿದರೆ ಹಸು ಇಳಿದಿರುವುದು ಗೊತ್ತಾಗುತ್ತದೆ.

---

ಮೇವುಲೆಕ್ಕ:

ತಕ್ಕಡಿ ಅವರೇ, ಅರ್ಧ ಒಪ್ಪಿದೆ. ಈಗ ನಡೆಯುತ್ತಿರುವುದನ್ನೇ ಮುಂದುವರಿಸುವ ಪ್ರಶ್ನೆಗಳಿಗೆ ನಿಮ್ಮ ಪಟ್ಟಿ ಸಾಕು, ಮೇಲೂ ಹೌದು. ಹೊಸ ಆಹಾರ ಕೊಟ್ಟರೆ ಏನಾಗುತ್ತದೆ, ಕರುವಿಗೆ ಎರಡು ತಿಂಗಳು ಮೊದಲೇ ಹಾಲು ಬಿಡಿಸಿದರೆ ಏನಾಗುತ್ತದೆ ಎಂಬಂಥವಕ್ಕೆ ಹಳೆಯ ದಾಖಲೆಯಲ್ಲಿ ಉತ್ತರವಿಲ್ಲ.

ಪಟ್ಟಿಯ ದಾರಿಯಲ್ಲಿ ಒಂದು ಗುಂಡಿ ಇದೆ. ಒಣ ತಿಂಗಳಲ್ಲಿ ಪೂರಕ ಆಹಾರ ಕೊಟ್ಟು 20 ಕೆಜಿ ಉಳಿಸಿದಿರಿ ಅನ್ನಿ. ಪಟ್ಟಿ ಆ 20 ಕೆಜಿಯನ್ನು ಮಾರಾಟದ ದಿನದ ತನಕ ಹೊತ್ತುಕೊಂಡು ಹೋಗುತ್ತದೆ. ಬಯಲಿನಲ್ಲಿ ಹಾಗಾಗುವುದಿಲ್ಲ. ಮಳೆ ಬಂದ ಮೇಲೆ ಬಡಕಲು ದನ ವೇಗವಾಗಿ ತೂಕ ಏರಿಸಿಕೊಂಡು ಅಂತರ ಮುಚ್ಚುತ್ತಾ ಬರುತ್ತದೆ. ಪೂರ್ತಿ ಮುಚ್ಚದಿರಬಹುದು, ಆದರೆ 20 ಉಳಿಯುವುದಿಲ್ಲ. ಬ್ಲಾಕ್‌ಗೆ ಕೊಟ್ಟ ದುಡ್ಡು ವಾಪಸ್ ಬಂತೇ ಇಲ್ಲವೇ ಎಂಬುದು ನಿಲ್ಲುವುದೇ ಇದರ ಮೇಲೆ. ಎನ್‌ಆರ್‌ಸಿಯಲ್ಲಿ ಇದಕ್ಕೆ ಮೈ ಕಾಯುವ ಶಕ್ತಿಗೆ ಒಂದು ಗುಣಕವಿದೆ: 0.8 + (ಮೈಕಟ್ಟಿನ ಅಂಕ − 1) × 0.05. ಮೈಕಟ್ಟಿನ ಅಂಕ ಅಂದರೆ ದನ ಎಷ್ಟು ಬಡಕಲು, ಎಷ್ಟು ಮೈತುಂಬಿದೆ ಅಂತ ನೋಡಿ ಕೊಡುವ ಅಂಕ. ಬಡಕಲು ದನದ ಯಕೃತ್ತು, ಕರುಳು ಕುಗ್ಗಿರುತ್ತವೆ, ಹಾಗಾಗಿ ಮೈ ಕಾಯುವ ಖರ್ಚೂ ಕಡಿಮೆ ಅನ್ನುವುದು ಅದರ ಹಿಂದಿನ ವಿಚಾರ.

---

ಮಳೆಸಾಲು:

ಯಾರೂ ಹುಲ್ಲಿನ ಲೆಕ್ಕ ಎತ್ತಲಿಲ್ಲ. ಎರಡು ಯೋಜನೆಗಳನ್ನು ‘ನೂರು ಹಸುವಿಗೆ ಲಾಭ’ ಅಂತ ಹೋಲಿಸಬೇಡಿ, ಒಂದೇ ಮೇವಿನ ಹೊರೆಯಲ್ಲಿ ಹೋಲಿಸಿ. ಸ್ಟಿಯರ್‌ಗಳನ್ನು ಮೂರು ವರ್ಷ ಇಟ್ಟುಕೊಂಡರೆ ಒಂದೊಂದಕ್ಕೆ ಬೆಲೆ ಹೆಚ್ಚು ಸಿಗುತ್ತದೆ, ನಿಜ. ಅವು ತಿನ್ನುವ ಹುಲ್ಲಿಗೆ ಹಸುಗಳನ್ನು ಕಡಿಮೆ ಮಾಡಬೇಕಲ್ಲ. ಬ್ರೀಡ್‌ಕೌ ಪದ್ಧತಿಯಲ್ಲಿ 455 ಕೆಜಿಯ ಒಂದು ದನ ವರ್ಷವಿಡೀ ಇದ್ದರೆ ಮೇವಿನ ಹೊರೆಯ ಒಂದು ಘಟಕ, ಕರು ಸಾಕುವ ಹಸುವಿಗೆ 0.35 ಹೆಚ್ಚುವರಿ. 450 ಕೆಜಿಯ ಹಸು ಕರು ಸಾಕಿದರೆ 1.34, ಸರಾಸರಿ 300 ಕೆಜಿಯ ಸ್ಟಿಯರ್ 0.66. ಬೀಜದ ಹೋರಿಗಳನ್ನೂ ಮರೆಯಬೇಡಿ. ಈ ಘಟಕದ ಈಚಿನ ವ್ಯಾಖ್ಯೆ ಶಕ್ತಿಯ ಲೆಕ್ಕದಲ್ಲಿದೆ, ದಿನಕ್ಕೆ ಸುಮಾರು 73 ಮೆಗಾಜೂಲ್ ಎಂಇ. ಎನ್‌ಆರ್‌ಸಿ ಮೆಗಾಕ್ಯಾಲೊರಿಯಲ್ಲಿ, ಆಸ್ಟ್ರೇಲಿಯದ ಅಂಕಿಗಳು ಮೆಗಾಜೂಲ್‌ನಲ್ಲಿ, ನಡುವೆ 4.184ರ ಗುಣಕ. ಈ ತರಹದ ಕೋಡ್‌ನಲ್ಲಿ ಅತಿ ಹೆಚ್ಚು ಸಿಗುವ ತಪ್ಪು ಇದೇ ಇರಬೇಕು.

ಮಳೆಯನ್ನು ಪ್ರತಿ ವರ್ಷ ಬಿಡಿಬಿಡಿಯಾಗಿ ಲಾಟರಿ ಎತ್ತಬೇಡಿ. ಬರ ಒಂಟಿಯಾಗಿ ಬರುವುದಿಲ್ಲ, ಸಾಲಾಗಿ ಬರುತ್ತದೆ. ಕ್ವೀನ್ಸ್‌ಲ್ಯಾಂಡ್ ಸರ್ಕಾರದ ಸೈಲೊ ದತ್ತಾಂಶದಲ್ಲಿ 1889ರಿಂದ ದಿನವಾರು ಹವಾಮಾನ ಸಿಗುತ್ತದೆ. ಅದರಲ್ಲಿ ಹತ್ತು ವರ್ಷದ ಅಖಂಡ ತುಂಡುಗಳನ್ನು ತೆಗೆದು, ಒಂದೊಂದು ವರ್ಷ ಮುಂದೆ ಸರಿಸುತ್ತಾ ಓಡಿಸಿ. ನೂರಕ್ಕೂ ಹೆಚ್ಚು ಓಟ ಸಿಗುತ್ತವೆ, ಬರಗಳ ನಿಜವಾದ ಅನುಕ್ರಮ ಉಳಿಯುತ್ತದೆ. ಕಡಸುಗಣಿತ ಅವರು ತೋರಿಸಿದ ಬೀಳು-ಏಳು ಎರಡು ಬರ ಬೆನ್ನುಬೆನ್ನಿಗೆ ಬಂದಾಗ ಹೇಗಿರುತ್ತದೆ ಅನ್ನುವುದು ಇಲ್ಲಿ ಕಾಣುತ್ತದೆ. ಸಾವಿನ ಪ್ರಮಾಣವನ್ನೂ ಹಸುವಿನ ಮೈಕಟ್ಟಿಗೆ ಕಟ್ಟಿ. 2019ರ ಫೆಬ್ರವರಿಯಲ್ಲಿ ವಾಯವ್ಯ ಕ್ವೀನ್ಸ್‌ಲ್ಯಾಂಡಿನಲ್ಲಿ ಲಕ್ಷಗಟ್ಟಲೆ ದನ ಸತ್ತವು. ವರ್ಷಗಳ ಬರದಿಂದ ಬಡವಾಗಿದ್ದ ದನಗಳ ಮೇಲೆ ದಿನಗಟ್ಟಲೆ ಮಳೆ, ಚಳಿಗಾಳಿ, ಪ್ರವಾಹ. ಶೇ 5 ಅಂತ ಸ್ಥಿರ ಅಂಕಿ ಬರೆದವರಿಗೆ ಅಂಥ ವರ್ಷವೇ ಇಲ್ಲ.

ಮಾರಾಟದಲ್ಲೂ ಸರಾಸರಿ ಮೋಸ ಮಾಡುತ್ತದೆ. ಗುಂಪಿನ ಸರಾಸರಿ 330 ಕೆಜಿ, ಖರೀದಿದಾರರ ಮಿತಿ 320. ಮಾಡೆಲ್ ಎಲ್ಲವನ್ನೂ ಲಾರಿ ಹತ್ತಿಸುತ್ತದೆ. ಗುಂಪಿನೊಳಗಿನ ಮಾನಕ ವಿಚಲನೆ 30 ಕೆಜಿ ಇದ್ದರೆ ಹತ್ತುವುದು ಶೇ 63 ಮಾತ್ರ, ಉಳಿದವು ಇನ್ನೊಂದು ಒಣಗಾಲ ಹುಲ್ಲು ತಿನ್ನುತ್ತವೆ. ಪ್ರತಿ ದನವನ್ನು ಬೇರೆ ಆಬ್ಜೆಕ್ಟ್ ಮಾಡಬೇಕಿಲ್ಲ. ಗುಂಪಿಗೆ ಸರಾಸರಿ ಮತ್ತು ವಿಚಲನೆ ಎರಡನ್ನೂ ಒಯ್ದರೆ ಸಾಕು.

ಪರೀಕ್ಷೆಗೆ ಕೊನೆಯ ಎರಡು ವರ್ಷದ ತಕ್ಕಡಿ ದಾಖಲೆಯನ್ನು ಈಗಲೇ ಬೇರೆ ಫೈಲ್‌ಗೆ ಹಾಕಿ ಮುಚ್ಚಿಡಿ. ಹೊಂದಿಸುವುದೆಲ್ಲ ಹಳೆಯ ವರ್ಷಗಳ ಮೇಲೆ. ಅಳೆದದ್ದನ್ನು ಲಂಬ ಅಕ್ಷದಲ್ಲಿ, ಮಾಡೆಲ್ ಹೇಳಿದ್ದನ್ನು ಅಡ್ಡ ಅಕ್ಷದಲ್ಲಿ ಇಡಿ. ಮತ್ತು ತೂಕವನ್ನಲ್ಲ, ಗಳಿಕೆಯನ್ನು ಹೋಲಿಸಿ. 312 ಕೆಜಿಯಿಂದ ಶುರುವಾದ ದನ 337 ಆಗುವುದನ್ನು 345 ಅಂದರೂ ಶೇ 2 ತಪ್ಪು ಅಂತ ಚಂದ ಕಾಣುತ್ತದೆ. ಗಳಿಕೆಯಲ್ಲಿ ಅದು ಶೇ 32.

---

ಮಂದೆಕೋಡ್:

ಎಲ್ಲರಿಗೂ ಧನ್ಯವಾದ. ಮೇವನ್ನು ಮಿನ್ಸನ್ ಸಮೀಕರಣದಿಂದ ಹಿಂದಕ್ಕೆ ತೆಗೆದು ನಡೆದಾಟದ ಶೇ 15 ಸೇರಿಸಿದ ಮೇಲೆ ಗಳಿಕೆ ತಕ್ಕಡಿಯ ಹತ್ತಿರ ಬಂದಿದೆ. ಹಾಲಿನ ಸ್ಥಿತಿಯೂ ಸೇರಿತು. ಒಂದೇ ಅನುಮಾನ: ಮೈಕಟ್ಟಿನ ಗುಣಕ ಹಾಕಿದ ಕೂಡಲೇ 6 ಕೆಜಿಯ ಉದಾಹರಣೆಯಲ್ಲಿ 0.18 ಇದ್ದದ್ದು 0.25ಕ್ಕೆ ಏರಿತು. ಆ ಗುಂಪಿನ ಅಂಕ 3, ಗುಣಕ 0.9 ಬಂತು. ದನಗಳು ನೋಡಲು ಬಡಕಲೇನಲ್ಲ, ಮಧ್ಯಮ.

---

ಮೇವುಲೆಕ್ಕ:

ನಿಮ್ಮ ಅಂಗಳದಲ್ಲಿ ಅಂಕ ಕೊಡುವುದು 1ರಿಂದ 5ರ ಅಳತೆಯಲ್ಲಿ, ಅದು ಆಸ್ಟ್ರೇಲಿಯದ ರೂಢಿ. ಎನ್‌ಆರ್‌ಸಿ ಸೂತ್ರ 1ರಿಂದ 9ರ ಅಳತೆಯದು. ಎರಡರಿಂದ ಗುಣಿಸಿ 1 ಕಳೆಯಿರಿ: 3 ಅಂದರೆ 5, ಗುಣಕ 1.0. ಸಮೀಕರಣಕ್ಕೆ ಹೋಗುವ ಮೊದಲೇ ಬದಲಾಯಿಸಿ, ಮೂಲ ದಾಖಲೆಯ ಕಾಲಂ ಹಾಗೇ ಇರಲಿ. ಇಲ್ಲದಿದ್ದರೆ ಮುಂದೆ ಯಾರೋ ಎರಡನೇ ಸಲ ಬದಲಾಯಿಸುತ್ತಾರೆ.